ಜಂತಿಯಿಂದ ಹೊಸ್ತಿಲವರೆಗೆ

ಗುಡೇಕೋಟೆಯ ಭರಮಮ್ಮ ಮನೆ ಸ್ವಚ್ಛ ಮಾಡಲು ಸೆರಗು ಬಿಗಿದಳೆಂದರೆ ಗಂಡ ಓಬಳೇಶಪ್ಪ ಕುರಿ ಹೊಡೆದುಕೊಂಡು ಗುಡ್ಡ ಹತ್ತಿಬಿಡುತ್ತಿದ್ದ. ಕೈಗೆ ಸಿಕ್ಕರೆ ಅವನನ್ನೂ ಅಂಗಳಕ್ಕೆ ಎಳೆದು ಝಾಡಿಸುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ನಗಲಿ ಬಿಡಿ. ಮಹಾನವಮಿಯ ಮುಂದೆ ಅವಳ ಮಾಳಿಗೆ ಮನೆಯಷ್ಟು ಲಕಲಕ ಎನ್ನುವ ಮನೆ ಆ ಓಣಿಯಲ್ಲಿ ಇನ್ನೊಂದಿರಲಿಲ್ಲ. ಒಂದು ಕೋಣೆ ಮುಗಿಯದೆ ಇನ್ನೊಂದಕ್ಕೆ ಅವಳು ಕೈ ಹಚ್ಚುವವಳಲ್ಲ. ಸಾಮಾನೆಲ್ಲ ಹೊರಗೆ, ಮೊದಲು ಜಂತಿಯ ಜೇಡರಬಲೆ, ಆಮೇಲೆ ಗೋಡೆ, ಗೂಡು, ಕಡೆಗೆ ನೆಲ. ಝಾಡಿಸದ ಒಂದು ಚಿಂದಿಯೂ ತಿರುಗಿ ಒಳಗೆ ಬರುವಂತಿರಲಿಲ್ಲ.

ಈ ವರ್ಷ ಒಂದು ಕೋಣೆಯನ್ನು ಮಾತ್ರ ಬಿಟ್ಟಿದ್ದಳು. ಅಲ್ಲಿ ಹೆರಿಗೆಗೆ ಬಂದ ಮಗಳು ಸಂಗೀತಾ, ಅವಳ ಒಂದೂವರೆ ತಿಂಗಳ ಹೆಣ್ಣುಕೂಸು. ಬಾಣಂತಿಗೆ ಧೂಳು ಆಗುವುದಿಲ್ಲ.

ಆ ದಿನ ಮುಂಜಾನೆ ಭರಮಮ್ಮ ಕಾಳಿನ ಕೋಣೆಯ ಮೂಲೆಯಲ್ಲಿ ಖಾಲಿ ಚೀಲ ಎತ್ತಿದಳು. ಕೆಂಪು ಚೇಳೊಂದು ಸರಕ್ಕನೆ ಓಡಿತು. ಇವಳು ಕಸಬರಿಗೆ ಬೀಸುವಷ್ಟರಲ್ಲಿ ನಡುಗೋಡೆಯ ಬಿರುಕಿಗೆ ನುಗ್ಗಿತ್ತು. ಆ ಗೋಡೆಯ ಆಚೆಗೆ ಬಾಣಂತಿಯ ಕೋಣೆ.

ದೊಡ್ಡವರ ಜೀವವನ್ನೇ ಹಿಂಡುವ ವಿಷ, ಆ ಕೂಸು ತಡೆದೀತೆ? ಕೂಗಲು ಬಾಯಿ ತೆರೆದವಳು ತಟ್ಟನೆ ಮುಚ್ಚಿಕೊಂಡಳು. ಬಾಣಂತಿ ಬೆದರಿದರೆ ಎದೆಹಾಲು ಬತ್ತುತ್ತದೆ ಎಂದು ಅತ್ತೆ ಇವಳಿಗೆ ಹೇಳಿದ್ದಳು. ಇವಳು ಊರಿಗೆಲ್ಲ ಹೇಳಿದ್ದಳು. ಅದೊಂದು ಮಾತು ಅವಳ ನಾಲಿಗೆಯನ್ನು ಕಟ್ಟಿಹಾಕಿತು. ಬಿರುಕಿಗೆ ಅರಿವೆ ತುರುಕಿ, ಪಕ್ಕದ ಕೋಣೆಗೆ ನಡೆದಳು.

"ಸಂಗೀತಾ, ಕೂಸಿನ ಎತ್ಕೊಂಡು ಪಡಸಾಲಿಗೆ ನಡಿ. ಈ ಕ್ವಾಣಿನೂ ಬಳದುಬಿಡ್ತೀನಿ."

"ಧೂಳ ಆಗೂದಿಲ್ಲ ಅಂತ ನೀನ ಅಂದಿದ್ದೆಲ್ಲವ್ವ?"

"ಏಳು ಅಂದ್ರ ಏಳು."

ಸಂಗೀತಾ ಗೊಣಗುತ್ತ ಎದ್ದು ಹೋದಳು. ಭರಮಮ್ಮನ ಕಣ್ಣೆಲ್ಲ ಕೂಸಿನ ಮೇಲೆ: ಅದು ನಿದ್ದೆಯಲ್ಲಿತ್ತು, ಕೈಕಾಲಲ್ಲಿ ಎಲ್ಲೂ ಕುಟುಕಿದ ಗುರುತಿರಲಿಲ್ಲ.

ಭರಮಮ್ಮ ಕಿಟಕಿ ತೆರೆದು ಕೆಲಸಕ್ಕೆ ನಿಂತಳು. ದಿಂಬು ಬಡಿದಳು. ಚಾಪೆ ಸುತ್ತದೆ, ಒಂದು ತುದಿಯಿಂದ ಎತ್ತುತ್ತ ಹೋದಳು. ತೊಟ್ಟಿಲನ್ನು ಬೋರಲು ಹಾಕಿದಳು. ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ಕಡ್ಡಿಯಿಂದ ಎತ್ತಿ ಕೊಡವಿದಳು. ಜಂತಿ, ಗೂಡು, ಬಾಗಿಲ ಸಂದಿ ಯಾವುದನ್ನೂ ಬಿಡಲಿಲ್ಲ. ತಾಸು ಕಳೆಯಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಚೇಳು ಎಲ್ಲೂ ಇಲ್ಲ.

ಬರಿದಾದ ಕೋಣೆಯ ನಡುವೆ ನಿಂತು, ಹೊರಗೆ ಹಾಕಿದ್ದನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಿಡಿದಳು. ಚಾಪೆ, ದಿಂಬು ಎರಡು, ತೊಟ್ಟಿಲು, ಟ್ರಂಕು, ಕೌದಿ ಒಂದು. ಕೌದಿ ಎರಡಿದ್ದವಲ್ಲ?

ಪಡಸಾಲೆಗೆ ಬಂದು ನೋಡುತ್ತಾಳೆ: ನೆಲಕ್ಕೆ ಹಾಸಿದ್ದ ಆ ಹಳೇ ಕೌದಿಯನ್ನು ಸಂಗೀತಾ ಝಾಡಿಸದೆ ಹಾಗೇ ಬಾಚಿ ತಂದು ಮಡಚಿ ಹಾಕಿದ್ದಾಳೆ. ಕೂಸು ಅದರ ಮೇಲೆ ಕಾಲು ಬಡಿಯುತ್ತಿದೆ.

ಹಾಲಿನ ಮಾತು ಭರಮಮ್ಮನ ತಲೆಯಿಂದ ಹಾರಿಹೋಯಿತು.

"ಸಂಗೀತಾ, ಕೂಸಿನ ಮ್ಯಾಲೆತ್ತು. ಕೌದಿ ಜಗ್ಗಬ್ಯಾಡ. ಅದ್ರಾಗ ಚೇಳೈತಿ."

ಸಂಗೀತಾ ಚೀರಲಿಲ್ಲ. ಕುತ್ತಿಗೆ, ಬೆನ್ನಿಗೆ ಕೈಕೊಟ್ಟು ಕೂಸನ್ನು ಮೆಲ್ಲಗೆ, ನೆಟ್ಟಗೆ ಮೇಲೆತ್ತಿದಳು. ಭರಮಮ್ಮ ಕಡ್ಡಿಯಿಂದ ಮಡಿಕೆ ಬಿಡಿಸಿದಳು. ಕೂಸಿನ ಕಾಲಿದ್ದ ಜಾಗಕ್ಕೆ ಗೇಣು ದೂರದಲ್ಲಿ ಕೆಂಪು ಕೊಂಡಿ ಎದ್ದು ನಿಂತಿತು. ಕೈಗೆ ಸಿಕ್ಕ ಕಲ್ಲಿನಿಂದ ಜಜ್ಜಿದಳು. ಸತ್ತ ಮೇಲೂ ಜಜ್ಜಿದಳು.

ಸಂಗೀತಾ ಗೋಡೆಗೆ ಒರಗಿ ಕುಂತು ಕೂಸಿನ ಮೈಯೆಲ್ಲ ತಡವಿದಳು. ಕೂಸು ಅತ್ತಾಗ ಎದೆಗೆ ಹಚ್ಚಿಕೊಂಡಳು. ಅದು ಗಟಗಟ ಕುಡಿಯಿತು; ಕಟಬಾಯಿಯಿಂದ ಹಾಲು ಇಳಿಯಿತು. ಭರಮಮ್ಮ ಅದನ್ನೇ ನೋಡುತ್ತ ನಿಂತಳು.

"ನಿನಗ ಮೊದ್ಲ ಗೊತ್ತಿತ್ತೇನು?" ಸಂಗೀತಾ ಕೇಳಿದಳು.

"ನೀ ಬೆದರಿದ್ರ ಹಾಲು ಬತ್ತತಾವ ಅಂತ..."

"ಹಾಲು ಬತ್ತಿದ್ರ ಅಂಗಡ್ಯಾಗ ಡಬ್ಬಿ ಸಿಗತಿತ್ತವ್ವ," ಅಂದಳು ಸಂಗೀತಾ, ತಲೆ ಎತ್ತದೆ. "ಈಕಿನ ಎಲ್ಲಿಂದ ತರ್ತಿದ್ದಿ?"