ಹಾಲಿನ ಕ್ಯಾನಿನಲ್ಲಿ ಬಂದ ತೊರಕೆ

ತೊಂಬತ್ತರ ದಶಕದ ಒಂದು ಮಧ್ಯಾಹ್ನ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಸಾಕುವ ಮೀನಿನ ಅಂಗಡಿಯೊಂದು ಮುಚ್ಚುತ್ತಿತ್ತು. ಅಲ್ಲಿ ಅಂಗೈಯಗಲದ ಜೀವಂತ ತೊರಕೆಯೊಂದನ್ನು ಕೊಂಡೆ. ರೊಟ್ಟಿಯಂಥ ಚಪ್ಪಟೆ ಮೀನು, ಬಾಲದಲ್ಲಿ ವಿಷದ ಮುಳ್ಳು. ನಾಗಮಂಗಲದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರೂ ಅದನ್ನು ಚಿತ್ರದಲ್ಲಷ್ಟೇ ಕಂಡವನು ನಾನು. ಅಂಗಡಿಯವನು "ಹೊರದೇಶದ್ದು, ಸಿಹಿನೀರಿನ ಜಾತಿ" ಎಂದಿದ್ದ. ಮಾರುವವರ ಮಾತನ್ನು ನಾನು ಬೇಗ ನಂಬುವುದಿಲ್ಲ. ತೊರಕೆಗಳಲ್ಲಿ ಹೆಚ್ಚಿನವು ಕಡಲಿನವು.

ಶ್ರೀರಂಗಪಟ್ಟಣದಲ್ಲಿ ಹತ್ತಿದ ಬಸ್ಸು ಪಾಂಡವಪುರ, ಕೆ.ಆರ್. ಪೇಟೆ ಬಳಸಿ ನಾಗಮಂಗಲಕ್ಕೆ ಹೋಗುವಂಥದ್ದು. ಕಂಡಕ್ಟರು ಮೀನಿನ ಪ್ಲಾಸ್ಟಿಕ್ ಚೀಲಕ್ಕೂ ಲಗೇಜು ಟಿಕೆಟ್ ಹರಿದ. ಪಾಂಡವಪುರದಲ್ಲಿ ನನಗೆ ಪರಿಚಯದ ಶೀಳನೆರೆಯ ಜವರೇಗೌಡರು ಪಕ್ಕಕ್ಕೆ ಬಂದು ಕೂತರು. ತೊಡೆಯ ಮೇಲೆ ಹೊಚ್ಚ ಹೊಸ ಹಾಲಿನ ಕ್ಯಾನು.

"ನಮ್ಮೋಳು ಡೈರಿಗೆ ಆಲಾಕಕ್ಕೆ ತಕ್ಕಬಾ ಅಂದವ್ಳೆ" ಎಂದರು.

ಕ್ಯಾತನಹಳ್ಳಿ ದಾಟಿದ ಮೇಲೆ ಬಸ್ಸು ಗುಂಡಿಗೆ ಇಳಿದೆದ್ದಿತು. ಮುಳ್ಳು ಚೀಲವನ್ನು ಸೀಳಿ, ನೀರು ನನ್ನ ಪ್ಯಾಂಟಿನ ಮೇಲೆ ಸುರಿಯಿತು. ನಾನು ಕಿರುಚಿದ್ದಕ್ಕೆ ಡ್ರೈವರು ನಾಲೆಯ ಪಕ್ಕ ನಿಲ್ಲಿಸಿದ. ನಾಲೆಯಲ್ಲಿ ನೀರೇನೋ ಇತ್ತು. ಆದರೆ ಕಡಲ ಜಾತಿಯಾಗಿದ್ದರೆ ಆ ನೀರೇ ಅದನ್ನು ಕೊಲ್ಲುತ್ತದೆ. ಚೀಲದ ನೀರನ್ನು ನಾಲಗೆಗೆ ಹಚ್ಚಿದೆ, ಸಪ್ಪೆ. ಅಂಗಡಿಯವನೇ ತಿಳಿಯದೆ ಸಿಹಿನೀರಿಗೆ ಹಾಕಿದ್ದರೆ? ಕಡಲಿನವಕ್ಕೆ ಬಾಲ ಉದ್ದ; ಅದನ್ನು ನೋಡಿ ಹೇಳೋಣವೆಂದರೆ ತುದಿ ಮುರಿದಿತ್ತು.

"ಬಿರ್ರನೆ ಏನಾರ ಮಾಡಿ ಮೇಷ್ಟ್ರೇ, ಒದ್ದಾಡ್ತಾ ಅದೆ!" ಎಂದರು ಗೌಡರು.

ಮೈ ದುಂಡಗಿತ್ತು. ಬೆನ್ನ ತುಂಬ ಕಿತ್ತಳೆ ಬೊಟ್ಟು, ಒಂದೊಂದಕ್ಕೂ ಕಪ್ಪು ಅಂಚು. ಪುಸ್ತಕದಲ್ಲಿದ್ದ ನದಿ ತೊರಕೆಯ ಚಿತ್ರ ನೆನಪಾಯಿತು. ಸಿಹಿನೀರಿನದೇ ಎಂದು ಗಟ್ಟಿಮನಸ್ಸು ಮಾಡಿದೆ.

"ನಾಲೆ ನೀರು ಆಗುತ್ತೆ. ಆದರೆ ಪಾತ್ರೆ ಇಲ್ಲವಲ್ಲ!"

ಹಾಲಿನ ಕ್ಯಾನು ಕೇಳಲು ನನಗೆ ಬಾಯಿ ಬರಲಿಲ್ಲ. ಗೌಡರು ಅದನ್ನೊಮ್ಮೆ ನೋಡಿದರು, ಮೀನನ್ನೊಮ್ಮೆ. ಆಮೇಲೆ ಇಳಿದು ಕ್ಯಾನಿನಲ್ಲಿ ನೀರು ತಂದರು. ಮುಳ್ಳು ತಾಗದಂತೆ ಮೀನನ್ನು ಅದರೊಳಕ್ಕೆ ಜಾರಿಸಿದೆ.

ಶೀಳನೆರೆಯ ದಾರಿ ಬಂದರೂ ಅವರು ಇಳಿಯಲಿಲ್ಲ.

"ಅಸ ಕರ್ಯೋ ಒತ್ತು. ಆದ್ರೆ ಇದು ಉಳೀತಾ ಇಲ್ವಾ ಅಂತ ನೋಡ್ದೆ ಎಂಗೋಗದು?"

ಕೆ.ಆರ್. ಪೇಟೆಯಲ್ಲಿ ಟೀ ಕುಡಿಯಲೂ ಇಬ್ಬರೂ ಏಳಲಿಲ್ಲ. ಕ್ಯಾನಿನೊಳಗೆ ಅಲುಗಾಟವೇ ಇಲ್ಲ. ಜಾತಿ ತಪ್ಪಿ ಹೇಳಿದೆನೇನೋ ಎಂದು ಮತ್ತೆ ಮತ್ತೆ ಒಳಗೆ ಇಣುಕಿದೆ.

ಕಾಲೇಜಿನ ತೊಟ್ಟಿಗೆ ಬಿಟ್ಟಾಗ ಅದು ತಳಕ್ಕೆ ಕೂತು ಸುಮ್ಮನಾಯಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣಿನ ಹಿಂದಿನ ತೂತುಗಳು ಮುಚ್ಚಿದವು, ತೆರೆದವು.

"ಉಸ್ರಾಡ್ತದೆ ಕಣ್ರೀ!" ಎಂದು ಗೌಡರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನನಗೆ ಅಳುವೇ ಬಂತು.

ಹೊಸ ಕ್ಯಾನು ಕೊಡಿಸುತ್ತೇನೆಂದರೆ ಕೇಳಲಿಲ್ಲ. ನಲ್ಲಿಯಲ್ಲಿ ಉಜ್ಜಿ ಉಜ್ಜಿ ತೊಳೆದು, ಮೂಸಿ, ಮುಖ ಸಿಂಡರಿಸಿ, ಮತ್ತೆ ತೊಳೆದರು.

"ಮನೆಯಲ್ಲಿ ಏನು ಹೇಳ್ತೀರಿ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ.

"ಸೋರ್ತದಾ ಅಂತ ನೀರುಯ್ದು ನೋಡ್ದೆ ಅಂತೀನಿ, ಬುಡಿ."

ಬಸ್ಸು ತಿರುಗುವಾಗ ನೋಡಿದೆ. ಗೌಡರು ಮುಚ್ಚಳ ತೆಗೆದು, ಕ್ಯಾನಿನ ಬಾಯನ್ನು ಕಿಟಕಿಯ ಗಾಳಿಗೆ ಹಿಡಿದು ಕೂತಿದ್ದರು.