ಸಂಬಂಧಿಕರ ಕಾಲಂ

ಮೊನ್ನೆ ಕಾಲೇಜಿನಿಂದ ಬಂದ ಲಕೋಟೆ ಒಡೆದೆ. ಹಸಿ ಅಂಟಿನ ವಾಸನೆ, ಒಳಗೊಂದು ಹಾಳೆ. ಮೆಣಸಿನಕಾಯಿ ವ್ಯಾಪಾರದಲ್ಲಿ ಒಂದಿಷ್ಟು ಕುದುರಿಕೊಂಡ ಮೇಲೆ ನನ್ನನ್ನೂ ಆಡಳಿತ ಮಂಡಳಿಗೆ ಸೇರಿಸಿಕೊಂಡಿದ್ದಾರೆ. ನೌಕರಿಗೆ ಅರ್ಜಿ ಹಾಕಿದವರ ಪಟ್ಟಿಯಲ್ಲಿ ನಿಮ್ಮ ಸಂಬಂಧಿಕರಿದ್ದಾರೆಯೇ, ಇದ್ದರೆ ಅವರ ಸಂದರ್ಶನದ ಹೊತ್ತಿಗೆ ಹೊರಗೆ ಹೋಗಬೇಕು ಎಂದಿತ್ತು. ಅದು ಕಾಯ್ದೆ.

ಈ ಕಾಯ್ದೆಯ ಪೆಟ್ಟು ನಾನು ಎಂಬತ್ತರ ದಶಕದಲ್ಲೇ ತಿಂದವನು. ಇದೇ ಕಾಲೇಜಿನ ಗುಮಾಸ್ತನ ಹುದ್ದೆಗೆ ಅರ್ಜಿ ಹಾಕಿದ್ದೆ. ಬಿ.ಎ. ಆಗಿತ್ತು, ಟೈಪಿಂಗ್ ಬರುತ್ತಿತ್ತು, ಕುಬಿಹಾಳದಿಂದ ಸೈಕಲ್ಲಿನಲ್ಲಿ ಹೋಗಿ ಬರಬಹುದಿತ್ತು. ನಮ್ಮ ಓಣಿಯ ಚನ್ನಪ್ಪನೂ ಹಾಕಿದ್ದ. ಅವನ ಟೈಪಿಂಗ್ ಅಷ್ಟಕ್ಕಷ್ಟೇ; ಅಂಗಿ ಮಾತ್ರ ಸದಾ ಇಸ್ತ್ರಿಯದು. ಅದೂ ನನಗೆ ಸಹಿಸಲಾಗುತ್ತಿರಲಿಲ್ಲ.

ಅರ್ಜಿಯಲ್ಲೊಂದು ಕಾಲಂ: ಮಂಡಳಿಯಲ್ಲಿ ನಿಮ್ಮ ಸಂಬಂಧಿಕರು ಇದ್ದಾರೆಯೇ? ವಶೀಲಿ ಇದ್ದವರು ತೋರಿಸಲಿ ಎಂದೇ ಜಾಗ ಬಿಟ್ಟಿದ್ದಾರೆಂದು ತಿಳಿದೆ.

“ಗೌಡ್ರ ಹೆಸರು ಬರಿಯಲೇ,” ಎಂದಳು ಅವ್ವ. “ನಿಮ್ಮತ್ತಿ ಮೈದುನನ ಬೀಗರು ಅವರು. ಸಣ್ಣಾಂವ ಇದ್ದಾಗಿಂದ ಕಾಕಾ ಅಂತಿದ್ದಿಯಿಲ್ಲೋ.”

ಮಂಡಳಿಯಲ್ಲಿ ನನ್ನ ಪರ ಮಾತಾಡಬಹುದಾಗಿದ್ದವರು ಆ ಗೌಡರೊಬ್ಬರೇ. ದಪ್ಪಕ್ಷರದಲ್ಲಿ ಬರೆದೆ: ಹೌದು, ಕಾಕಾ.

ಸಂದರ್ಶನದ ದಿನ ಪ್ರಿನ್ಸಿಪಾಲರು ಅರ್ಜಿ ನೋಡಿ ಗೌಡರತ್ತ ಬಾಗಿದರು. “ತಾವು ಸ್ವಲ್ಪ ಹೊರಗ ಕೂಡ್ರಬೇಕ್ರಿ. ತಮ್ಮ ಅಣ್ಣನ ಮಗಾ ಅಂತ ಬರದಾನ.”

ಗೌಡರು ನನ್ನನ್ನು ದಿಟ್ಟಿಸಿದರು. “ನನಗ ಅಣ್ಣಾನ ಇಲ್ಲಲೇ! ನೀ ಎಲ್ಲಿಂದ ಹುಟ್ಟಿದಿ?”

“ಬರದದ್ದು ಬರದದ್ರಿ. ಕಾಯ್ದೆ ಐತಿ,” ಎಂದರು ಪ್ರಿನ್ಸಿಪಾಲರು.

ಗೌಡರು ಹೆಗಲ ವಸ್ತ್ರ ಕೊಡವಿ ಹೊರಗೆ ನಡೆದರು. ನನ್ನ ನೌಕರಿಯೂ ಅವರ ಹಿಂದೆಯೇ ಹೋಯಿತು.

ಚನ್ನಪ್ಪ “ಇಲ್ಲ” ಎಂದು ಬರೆದಿದ್ದ. ಸುಳ್ಳೆನ್ನುವಂತಿಲ್ಲ. ಕಾಯ್ದೆಯ ಪಟ್ಟಿಯಲ್ಲಿ ಅಳಿಯ ಇದ್ದ, ಆಗಲಿರುವ ಅಳಿಯ ಇರಲಿಲ್ಲ. ಮಂಡಳಿಯ ಕಾರ್ಯದರ್ಶಿಯ ಮಗಳೊಂದಿಗೆ ಅವನ ನಿಶ್ಚಯ ಮುಗಿದಿತ್ತು. ಅಕ್ಷತೆ ಬಿದ್ದದ್ದು ನೌಕರಿಯ ಹುಕುಂ ಕೈಗೆ ಬಂದ ಮೇಲೆ. ಹಾಗಾಗಿ ಸಂದರ್ಶನದಲ್ಲಿ ಮಾವ ಕುರ್ಚಿ ಬಿಟ್ಟೇಳದೆ ಅಂಕ ಹಾಕಿದ್ದ. ಆ ಮದುವೆಯಲ್ಲಿ ನಾನು ಮೂರು ಹೋಳಿಗೆ ತಿಂದೆ, ಒಂದೂ ಅರಗಲಿಲ್ಲ.

“ಕಾಲಂ ನೋಡಿ ತುಂಬಬೇಕೋ ಮಾರಾಯಾ,” ಎಂದು ಮದುಮಗ ನಕ್ಕ.

ನೀವೂ ಕೇಳಿಟ್ಟುಕೊಳ್ಳಿ: ಕೇಳಿದ್ದಕ್ಕಿಂತ ಹೆಚ್ಚು ಯಾವ ಫಾರ್ಮಿನಲ್ಲೂ ಬರೆಯಬೇಡಿ. ವ್ಯಾಪಾರಕ್ಕಿಳಿದು ನಾನು ಅವನಿಗಿಂತ ಹೆಚ್ಚೇ ಗಳಿಸಿದೆ. ಆದರೂ ಬೆಳಗ್ಗೆ ಹತ್ತಕ್ಕೆ ಇಸ್ತ್ರಿ ಅಂಗಿಯಲ್ಲಿ ಅವನು ಅಂಗಡಿಯ ಮುಂದೆ ಹಾದರೆ ತೂಕ ತಪ್ಪುತ್ತಿತ್ತು.

ಮೊನ್ನೆಯ ಪಟ್ಟಿಯಲ್ಲಿ ಅವನ ಮಗಳ ಹೆಸರಿತ್ತು, ಉಪನ್ಯಾಸಕಿಯ ಹುದ್ದೆಗೆ. ನನಗೆ ಅವಳು ಏನೂ ಆಗಬೇಕಿಲ್ಲ. ಕೂತು ಅಂಕ ಹಾಕಲು ಕಾಯ್ದೆಯ ಅಡ್ಡಿಯಿಲ್ಲ. ಎಷ್ಟು ಕಡಿಮೆ ಹಾಕುತ್ತೇನೆಂಬುದು ಮಾತ್ರ ನನಗೆ ಗೊತ್ತಿತ್ತು. ಸಂದರ್ಶನದಲ್ಲಿ ಅವಳ ಸರದಿ ಬಂದಾಗ ಎದ್ದೆ.

“ಯಾಕ್ರಿ ಸಾಹುಕಾರ್ರ, ನಿಮ್ಮ ಸಂಬಂಧಿಕರೇನ್ರಿ?” ಎಂದರು ಈಗಿನ ಪ್ರಿನ್ಸಿಪಾಲರು.

“ಅಲ್ರಿ. ನಾ ಕೂತ್ರ ಆ ಹುಡುಗಿಗೆ ಅನ್ಯಾಯ ಮಾಡ್ತೀನ್ರಿ.”

ಹೊರಗೆ ಕಿಟಕಿಗೆ ಕಿವಿಯಿಟ್ಟು ನಿಂತೆ. ಕೇಳಿದ್ದಕ್ಕೆಲ್ಲ ಅವಳು ತಡವರಿಸದೆ ಉತ್ತರ ಕೊಟ್ಟಳು. ಒಳಗಿದ್ದಿದ್ದರೆ ಒಂದು ಅಂಕ ಕಳೆಯಲೂ ನನಗೆ ಕಾರಣ ಸಿಗುತ್ತಿರಲಿಲ್ಲ. ಚನ್ನಪ್ಪನ ಹೊಟ್ಟೆಯಲ್ಲಿ ಇಂಥ ಮಗಳು! ಮತ್ತೆ ಹೊಟ್ಟೆ ಉರಿಯಿತು. ಆದರೂ ಕೊನೆಯ ಉತ್ತರ ಮುಗಿಯುವವರೆಗೆ ಕಿಟಕಿ ಬಿಟ್ಟು ಕದಲಲಿಲ್ಲ.