ಫುಟ್‌ಬಾಲಿನಲ್ಲಿ ಆದ ಗಾಯ

ನಮ್ಮಪ್ಪ ನಡೆಯುವಾಗ ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು. ಚಿಕ್ಕಂದಿನಿಂದ ನಾನು ಕೇಳಿಕೊಂಡು ಬಂದ ಕಥೆ ಒಂದೇ. ಮಿಲಿಟರಿಯಲ್ಲಿದ್ದಾಗ ಫುಟ್‌ಬಾಲ್ ಆಡುತ್ತ ಬಿದ್ದರು, ಕಾಲು ಹಾಗಾಯಿತು. ಸ್ಕೂಲಿನಲ್ಲಿ ಗೆಳತಿಯರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಎಪ್ಪತ್ತೊಂದರ ಯುದ್ಧಕ್ಕೆ ಹೋಗಿ ಒಂದು ಗೀರೂ ಇಲ್ಲದೆ ಬಂದು, ಆಮೇಲೆ ಚೆಂಡಿನ ಹಿಂದೆ ಓಡಿ ಕಾಲು ಕೆಡಿಸಿಕೊಂಡರಂತೆ ಎಂದು ಆ ಹುಡುಗಿಯರು ನಕ್ಕರೆ ನಾನೂ ನಗುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನಿಜ ಗೊತ್ತಾದದ್ದು ಕಾರ್ಗಿಲ್ ಯುದ್ಧದ ಬೇಸಿಗೆಯಲ್ಲಿ. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು. ಮನೆ ಶ್ರೀರಾಂಪುರದಲ್ಲಿ, ನಾನು ಪಾಠ ಮಾಡುತ್ತಿದ್ದ ಸ್ಕೂಲು ಮಾತ್ರ ಚಾಮರಾಜಪೇಟೆಯಲ್ಲಿ, ಅಪ್ಪ ಅಮ್ಮನ ಮನೆಯಿಂದ ಎರಡು ರಸ್ತೆ ಆಚೆ. ಸ್ಕೂಲು ಶುರುವಾದ ಮೇಲೆ ದಿನಾ ಮಧ್ಯಾಹ್ನ ಅಲ್ಲೇ ಊಟ. ಒಂದು ದಿನ ಟಿ.ವಿ.ಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಬ್ಯಾಂಡೇಜು ಕಟ್ಟಿಸಿಕೊಂಡು ಕೂತ ಸೈನಿಕರನ್ನು ತೋರಿಸುತ್ತಿದ್ದರು. ಅಪ್ಪ ಕಲಸಿದ ಅನ್ನವನ್ನು ಹಾಗೇ ಬಿಟ್ಟು ನೋಡುತ್ತಾ ಕೂತರು. ಅಮ್ಮ ಹಿತ್ತಲಿಗೆ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟರು.

"ಯುದ್ಧದಲ್ಲಿ ಗಾಯ ಆದೋರಿಗೆ ಅಂತ್ಲೇ ಒಂದು ಪದಕ ಕೊಡ್ತಾರೆ ಕಣೇ. ನಂಗೂ ಬರ್ಬೇಕಿತ್ತು."

"ಫುಟ್‌ಬಾಲಲ್ಲಿ ಬಿದ್ದಿದ್ದಕ್ಕೆ ಯಾರಪ್ಪ ಪದಕ ಕೊಡ್ತಾರೆ?" ಎಂದೆ ನಾನು.

ಅಪ್ಪ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. ಪಂಚೆ ಮೇಲೆತ್ತಿ, ನನ್ನ ಬೆರಳು ಹಿಡಿದು ಎಡಗಾಲಿನ ಮೀನಖಂಡದ ಮೇಲೆ ಒತ್ತಿದರು. ಚರ್ಮದ ಕೆಳಗೆ ಅವರೆಕಾಳಿನಷ್ಟು ಗಾತ್ರದ ಗಟ್ಟಿ ವಸ್ತುವೊಂದು ಸರಿಯಿತು. ನಾನು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡೆ.

"ಶೆಲ್ ಚೂರು. ಫುಟ್‌ಬಾಲೂ ಇಲ್ಲ, ಮಣ್ಣೂ ಇಲ್ಲ. ನಿಮ್ಮಮ್ಮಂಗೆ ಹೇಳ್ಬೇಡ."

ಅವತ್ತು ಮಧ್ಯಾಹ್ನ ಮೊದಲನೇ ಪೀರಿಯಡ್ಡಿಗೆ ನಾನು ತಡವಾಗಿ ಹೋದೆ. ಅಷ್ಟು ಹೊತ್ತು ಅಪ್ಪ ಹೇಳಿದ್ದು ಅವರ ಮದುವೆಯ ಕಥೆ.

ಯುದ್ಧ ಮುಗಿದ ಮುಂದಿನ ವರ್ಷ ರಜೆಯ ಮೇಲೆ ಬಂದಾಗ ಬಸವನಗುಡಿಯಲ್ಲಿ ಹೆಣ್ಣು ನೋಡಲು ಹೋದರಂತೆ. ಹುಡುಗಿಯ ಅಪ್ಪ, ಅಂದರೆ ನನ್ನ ತಾತ, ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್‌ಕ್ಲರ್ಕ್. ಹುಡುಗ ಕುಂಟುವುದನ್ನು ಗೇಟಿನಿಂದ ಜಗಲಿಗೆ ಬರುವಷ್ಟರಲ್ಲೇ ನೋಡಿಬಿಟ್ಟಿದ್ದರು. ಅವರ ಮನೆಯ ಜೋಯಿಸರು ಮೊದಲೇ ಹೆದರಿಸಿದ್ದರು. ಯುದ್ಧಕ್ಕೆ ಹೋಗಿ ಬಂದವನು, ಮೈಯಲ್ಲಿ ಕಬ್ಬಿಣ ಉಳಿದಿದ್ದರೆ ಆಯುಸ್ಸು ಕಮ್ಮಿ, ವಿಚಾರಿಸಿಕೊಂಡು ಕೊಡಿ ಅಂತ. ತಾತ ನೇರವಾಗಿಯೇ ಕೇಳಿದರು. ಅಪ್ಪನ ಬಾಯಿಗೆ ಆ ಹೊತ್ತಿಗೆ ಬಂದದ್ದು ಫುಟ್‌ಬಾಲ್.

ಬೇರೆ ಯಾರಾದರೂ ಆಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ತಾತನೋ, ಬಾಯಿಮಾತನ್ನು ಜನ್ಮದಲ್ಲಿ ನಂಬಿದವರಲ್ಲ. ಯುನಿಟ್ಟಿಗೇ ಒಂದು ಪತ್ರ ಬರೆದರು. ಹುಡುಗನ ಕಾಲಿಗೆ ಏನಾಗಿದೆ, ದಯವಿಟ್ಟು ಲಿಖಿತವಾಗಿ ತಿಳಿಸಿ. ಆ ಪತ್ರ ಯುನಿಟ್ಟಿನ ಆಫೀಸಿನಲ್ಲಿ ಅಪ್ಪನ ಗೆಳೆಯನ ಮೇಜಿಗೇ ಬಂತು. ಅವನು ಗುಮಾಸ್ತೆ. ಗೆಳೆಯನ ಮದುವೆ ಅಂತ ಖುಷಿಯಾಗಿ "ಆಟವಾಡುವಾಗ ಆದ ಗಾಯ" ಎಂದು ಟೈಪು ಮಾಡಿ ಸೀಲು ಹೊಡೆದ. ಹೊಡೆದ ಮೇಲೆ ಅವನಿಗೆ ಭಯ ಶುರುವಾಯಿತು. ಸೀಲು ಬಿದ್ದು ಹೊರಗೆ ಹೋಗುವ ಕಾಗದಕ್ಕೂ ಒಳಗಿನ ರಿಜಿಸ್ಟರಿಗೂ ತಾಳೆಯಾಗಬೇಡವೇ? ರಿಜಿಸ್ಟರ್ ತೆಗೆದು, ಯುದ್ಧದ ಗಾಯ ಎಂದಿದ್ದ ಸಾಲನ್ನು ಹೊಡೆದು ಹಾಕಿ, ಆಟದ ಗಾಯ ಎಂದು ಬರೆದು, ಪಕ್ಕದಲ್ಲಿ ಅಪ್ಪನ ಕೈಯಲ್ಲೇ ಸೈನ್ ಹಾಕಿಸಿಕೊಂಡ. ತಾತ ಬಂದ ಉತ್ತರವನ್ನು ಎರಡು ಜಾತಕಗಳ ಜೊತೆ ಸೇರಿಸಿ ಫೈಲು ಮಾಡಿ, ಮದುವೆಯ ದಿನ ಅಮ್ಮನ ಟ್ರಂಕಿನಲ್ಲಿ ಇಟ್ಟು ಕಳಿಸಿದರು.

"ಒಂದು ಸಂಬಂಧಕ್ಕೋಸ್ಕರ ಇಷ್ಟೆಲ್ಲ ಮಾಡ್ಕೊಂಡ್ರಾ ಅಪ್ಪ? ಬೇರೆ ಹುಡುಗೀನೇ ಇರ್ಲಿಲ್ವಾ ಊರಲ್ಲಿ?"

"ಆಗ ನಿಮ್ಮಮ್ಮನ್ನ ನೀನು ನೋಡಿಲ್ಲ," ಎಂದರು ಅಪ್ಪ.

ಸರಿ, ಇಷ್ಟು ವರ್ಷ ಆದಮೇಲೆ ಪದಕ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಕೇಳಿದೆ.

"ಪದಕ ಇಟ್ಕೊಂಡು ಏನೂ ಮಾಡಲ್ಲ. ಅವತ್ತು ನನ್ನ ಪಕ್ಕ ಒಬ್ಬ ಇದ್ದ. ಅದೇ ಶೆಲ್ಲು. ಅವನು ವಾಪಸ್ ಬರ್ಲಿಲ್ಲ. ನನ್ನ ಹೆಸರಿನ ಮುಂದೆ ಮಾತ್ರ ಆಟ ಆಡ್ತಿದ್ದ ಅಂತ ಬರೆದಿದೆ. ಸಾಯೋದ್ರೊಳಗೆ ಅದೊಂದು ಸರಿಯಾಗ್ಬೇಕು."

ಅಲ್ಲಿಂದ ಶುರುವಾಯಿತು ನಮ್ಮ ಗೋಳು. ಅರ್ಜಿ ನಾನೇ ಬರೆದೆ. ಅದನ್ನು ಹಿಡಿದು ಮಾಜಿ ಸೈನಿಕರ ಕೆಲಸ ನೋಡುವ ಕಚೇರಿಗೆ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಮೂರು ತಿಂಗಳು ಉತ್ತರವಿಲ್ಲ. ವಿಚಾರಿಸಿದರೆ ಫೈಲು ದಾಖಲೆಗಳ ಕಚೇರಿಗೆ ಹೋಗಿದೆ, ಅದು ಬೇರೆ ರಾಜ್ಯದಲ್ಲಿದೆ ಎಂದರು. ಆರು ತಿಂಗಳ ಮೇಲೆ ಫೈಲು ತಿರುಗಿ ಬಂತು. ರಿಜಿಸ್ಟರಿನ ಪ್ರಕಾರ ಗಾಯ ಆಟದಲ್ಲಿ ಆದದ್ದು, ಆದ್ದರಿಂದ ಅರ್ಜಿ ಪರಿಗಣಿಸಲಾಗದು. ಅಷ್ಟೇ. ಕೌಂಟರಿನವನು ನಕಲಿನ ಮೇಲೆ ಬೆರಳಿಟ್ಟು ತೋರಿಸಿದ.

"ನೀವೇ ಸೈನ್ ಮಾಡಿದೀರಲ್ಲ ಯಜಮಾನ್ರೇ. ಈಗ ಬಂದು ಅಲ್ಲ ಅಂದ್ರೆ ಹೆಂಗೆ?"

ಅಪ್ಪ ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿ ನಿಂತರು. ನನಗೆ ಮೈಯೆಲ್ಲ ಉರಿದುಹೋಯಿತು.

ಬಸವನಗುಡಿಯಲ್ಲಿ ಎಕ್ಸ್-ರೇ ತೆಗೆಸಿದೆ. ಮೂಳೆಯ ಪಕ್ಕದಲ್ಲಿ ಬೆಳ್ಳಗೆ, ಮೂಲೆಗಳು ಚೂಪಾಗಿ, ಒಂದು ಚುಕ್ಕೆ ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಗೆದ್ದೆ ಅಂದುಕೊಂಡು ಆ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಕೌಂಟರಿನವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದ.

"ಚೂರಿದೆ ಮೇಡಂ. ಇಲ್ಲ ಅಂದೋರು ಯಾರು? ಆದ್ರೆ ಅದು ಯಾವಾಗ ಒಳಗೆ ಹೋಯ್ತು ಅಂತ ಎಕ್ಸ್-ರೇನಲ್ಲಿ ಬರೆದಿದ್ಯಾ?"

"ಮತ್ತಿನ್ನೇನು, ಫುಟ್‌ಬಾಲ್ ಒಳಗಿಂದ ಬಂತಾ?" ಎಂದು ನಾನು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಕ್ಕಳಿಗೆ ಮೆತ್ತಗೆ ಮಾತಾಡಿ ಎಂದು ದಿನಾ ಬೈಯುವ ಟೀಚರು ನಾನು. ಅವನು ಕೋಪ ಮಾಡಿಕೊಳ್ಳದೆ, ಮದುವೆಯ ಕಥೆಯನ್ನೆಲ್ಲ ನನ್ನ ಬಾಯಿಂದ ಕೇಳಿಸಿಕೊಂಡ. ತಾತನಿಗೆ ಹೋದ ಆ ಮೂಲ ಪತ್ರ ತನ್ನಿ, ಯಾಕೆ ಅಂಥ ಸುಳ್ಳು ಬರೆಸಬೇಕಾಯಿತು ಎಂದು ಅದರ ಜೊತೆ ಪ್ರಮಾಣಪತ್ರ ಕೊಡಿ, ಆಗ ಮೇಲೆ ಕಳಿಸಿ ನೋಡೋಣ ಎಂದು ಹೇಳಿ ಮುಂದಿನವರನ್ನು ಕರೆದ. ಬರೆದುಕೊಟ್ಟ ಗೆಳೆಯ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಉಳಿದದ್ದು ಆ ಪತ್ರವೊಂದೇ, ಅದು ಇದ್ದದ್ದು ಅಮ್ಮನ ಟ್ರಂಕಿನಲ್ಲಿ.

ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಇಷ್ಟು ವರ್ಷ ಆದ್ಮೇಲೆ ಅಮ್ಮ ನಿಮ್ಮನ್ನ ಬಿಟ್ಟು ಹೋಗ್ತಾಳಾ ಅಪ್ಪ?"

"ಹೋಗಲ್ಲ. ಸುಳ್ಳು ಹೇಳಿ ಮದುವೆ ಆದ ಅಂತ ಗೊತ್ತಾಗುತ್ತಲ್ಲ. ಬೇಡ."

ಈ ಒಂದು "ಬೇಡ"ಕ್ಕೆ ಎಷ್ಟು ವರ್ಷ ಹೋಯಿತು ಗೊತ್ತೇ? ಮೂರಲ್ಲ, ನಾಲ್ಕು. ಶೆಲ್ಲಿಗೆ ಹೆದರದ ಮನುಷ್ಯ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಹೆಂಗಸಿಗೆ ಹೆದರಿ ಕೂತರು. ಆದರೆ ಆಸೆಯನ್ನಾದರೂ ಬಿಟ್ಟರೇ? ಅದೂ ಇಲ್ಲ. ವಾರಕ್ಕೊಂದು ಸಲ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಬೇರೆ ದಾರಿ ಏನಾದ್ರೂ ಇದ್ಯಾ ವಿಚಾರಿಸಿದ್ಯಾ?" ಎಂದು ಪಿಸುಗುಟ್ಟುವರು. ನಾನು ರೇಗುವೆ. ಅವರು ಮುಖ ಸಣ್ಣಗೆ ಮಾಡಿಕೊಂಡು ಪೇಪರು ಹಿಡಿಯುವರು. ಆ ನಾಲ್ಕು ವರ್ಷದಲ್ಲಿ ಅವರಿಗೆ ಎದೆನೋವು ಎರಡು ಸಲ ಬಂತು. ಎರಡನೆಯ ಸಲ ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನಗೆ ತಡೆಯಲಾಗಲಿಲ್ಲ. ಅವರು ಒಳಗೆ ಮಲಗಿದ್ದಾಗ ಅಡುಗೆಮನೆಗೆ ಹೋಗಿ, ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ.

ಅಮ್ಮನ ಕೈ ನಿಲ್ಲಲೇ ಇಲ್ಲ.

"ಗೊತ್ತು," ಎಂದಳು.

"ಏನು ಗೊತ್ತು?"

"ಮದುವೆ ಆದ ಮೊದಲನೇ ದೀಪಾವಳಿಗೆ ಎಣ್ಣೆ ತಿಕ್ಕಿದ್ದು ನಾನೇ ಅಲ್ವೇನೇ? ಕಾಲಿಗೆ ತಿಕ್ಕುವಾಗ ಕೈಗೆ ಸಿಕ್ತು. ಫುಟ್‌ಬಾಲಲ್ಲಿ ಕಬ್ಬಿಣ ಇರುತ್ತಾ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಯಾಕಮ್ಮ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಮೊದಮೊದಲು ತಾತನಿಗೆ ಗೊತ್ತಾದರೆ ಕಷ್ಟ ಅಂತ ಸುಮ್ಮನಿದ್ದಳಂತೆ. ತಾತ ಹೋದ ಮೇಲೆ, ಅವರಾಗೇ ಹೇಳಲಿ ಅಂತ ಕಾದಳಂತೆ.

"ಶನಿವಾರ ಶನಿವಾರ ಎಳ್ಳೆಣ್ಣೆ ದೀಪ ಹಚ್ತೀನಲ್ಲ, ಯಾಕೆ ಅಂದ್ಕೊಂಡಿದ್ದೆ? ಜೋಯಿಸ್ರು ಆಯುಸ್ಸು ಕಮ್ಮಿ ಅಂದಿದ್ರು. ಅದೊಂದು ಭಯ ಇತ್ತು ನಂಗೆ."

ಅಯ್ಯೋ ರಾಮ! ಮೂವತ್ತು ವರ್ಷ ಒಂದೇ ಮನೆಯಲ್ಲಿ ಒಂದೇ ಗುಟ್ಟನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದರು. ಮಧ್ಯದಲ್ಲಿ ನಾನು ಆಟೋ, ಬಸ್ಸು, ಕೌಂಟರು ಅಂತ ಸುತ್ತಿ ಚಪ್ಪಲಿ ಸವೆಸಿದ್ದೆ. ಇಬ್ಬರಿಗೂ ಬುದ್ಧಿ ಇಲ್ಲ ಎಂದು ಅಡುಗೆಮನೆಯಲ್ಲೇ ಜೋರಾಗಿ ಬೈದೆ. ಒಳಗಿನಿಂದ ಅಪ್ಪ "ಏನದು?" ಎಂದರು. ಅಮ್ಮ ಎದ್ದು ಹೋಗಿ ಮಂಚದ ಪಕ್ಕ ಕೂತಳು. ಬಾಗಿಲು ಹಾಕಿರಲಿಲ್ಲ, ಆದರೂ ನಾನು ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ನಗುವುದು ಕೇಳಿಸಿತು.

ಮಾರನೆಯ ದಿನವೇ ಟ್ರಂಕು ತೆಗೆದೆವು. ಜಾತಕಗಳ ನಡುವೆ ಆ ಪತ್ರ ಮಡಿಕೆ ಕೂಡ ಮಾಸದೆ ಇತ್ತು. ಅಪ್ಪ ಪ್ರಮಾಣಪತ್ರಕ್ಕೆ ಸೈನ್ ಮಾಡಿದರು. ಅಮ್ಮ ತನ್ನ ದುಂಡು ಅಕ್ಷರದಲ್ಲಿ ಒಂದು ಪುಟ ಬರೆದು, ಮೊದಲನೇ ದೀಪಾವಳಿಯ ಎಣ್ಣೆಸ್ನಾನದ ವಿಷಯವನ್ನೂ ಬಿಡದೆ ಸೇರಿಸಿದಳು. ಇದೆಲ್ಲ ಆಫೀಸಿಗೆ ಯಾಕಮ್ಮ ಎಂದರೆ, "ಅವ್ರಿಗೆ ಸಾಕ್ಷಿ ತಾನೇ ಬೇಕಾಗಿರೋದು?" ಎಂದಳು. ಎಲ್ಲವನ್ನೂ ಎಕ್ಸ್-ರೇ ಜೊತೆಗೆ ಕೊಟ್ಟು ಬಂದೆ. ಮೂಲ ಪತ್ರವೇ ಬೇಕು ಅಂದದ್ದರಿಂದ ಅದನ್ನೂ ಕೊಟ್ಟೆ.

ಒಂದು ವರ್ಷ ಹೋಯಿತು. ಫೋನು ಮಾಡಿದರೆ ಒಬ್ಬರು ರಜೆ, ಇನ್ನೊಬ್ಬರಿಗೆ ವರ್ಗ. ಅಪ್ಪ ಬೆಳಿಗ್ಗೆ ಹನ್ನೊಂದು ಗಂಟೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುವುದನ್ನು ಅಭ್ಯಾಸ ಮಾಡಿಕೊಂಡರು. ಅದು ಪೋಸ್ಟ್‌ಮ್ಯಾನ್ ಬರುವ ಹೊತ್ತು. ಬರಬರುತ್ತ ಅವನೇ ದೂರದಿಂದ ಕೈಯಾಡಿಸಿ ಇಲ್ಲ ಎಂದು ಹೇಳಿ ಹೋಗುತ್ತಿದ್ದ. ಒಂದು ದಿನ ಆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಚಾಮರಾಜಪೇಟೆಯ ಸ್ಮಶಾನದಲ್ಲಿ ಸೌದೆಯಲ್ಲೇ ಸುಟ್ಟೆವು. ಮೂರನೆಯ ದಿನ ಅಸ್ಥಿ ಆಯಲು ಕರ್ಮ ಹಿಡಿದಿದ್ದ ಚಿಕ್ಕಪ್ಪ ಹೊರಟಾಗ ನಾನೂ ಹೊರಟೆ. ಹೆಂಗಸರು ಬರಬಾರದು ಎಂದು ಒಬ್ಬಿಬ್ಬರು ರಾಗ ಎಳೆದರು. ಅಮ್ಮ "ಹೋಗ್ಲಿ ಬಿಡಿ" ಎಂದಳು. ಅಲ್ಲಿ ಬೂದಿಗೆ ನೀರು ಹಾಕಿ ಕೆದಕುತ್ತಿದ್ದವನು ಕಾಲಿನ ಕಡೆಯಿಂದ ಕರ್ರಗಿನ ಒಂದು ಚೂರನ್ನು ಎತ್ತಿ ಹಿಡಿದ.

"ಇದೇನ್ ಸಾಮಿ, ಕಬ್ಬಿಣ?"

"ಕಬ್ಬಿಣ ಅಸ್ಥಿ ಜೊತೆ ಬೇಡ, ಆ ಕಡೆ ಬಿಸಾಕಪ್ಪ," ಎಂದರು ಪುರೋಹಿತರು.

ನಾನು ಅವನ ಕೈಯಿಂದ ಅದನ್ನು ಕಿತ್ತುಕೊಂಡೆ. ಕಿತ್ತುಕೊಂಡೆ ಅಂತಲೇ ಹೇಳಬೇಕು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಅವಳು ಬೆರಳಾಡಿಸಿದ ತಕ್ಷಣ ಗುರುತು ಹಿಡಿದಳು. ಆವರೆಗೆ ಅಷ್ಟಾಗಿ ಅಳದಿದ್ದವಳು ಆಗ ಅತ್ತಳು.

ವೈಕುಂಠ ಸಮಾರಾಧನೆ ಮುಗಿದು ಹತ್ತು ದಿನಕ್ಕೆ ಪೋಸ್ಟ್‌ಮ್ಯಾನ್ ಗೇಟು ತೆಗೆದು ಒಳಗೇ ಬಂದ. ಕವರನ್ನು ಅಮ್ಮನ ಕೈಗೆ ಕೊಟ್ಟು ಹೋದ. ಅರ್ಜಿಯನ್ನು ಮರುಪರಿಶೀಲನೆಗೆ ತೆಗೆದುಕೊಳ್ಳಲಾಗಿದೆ. ಚೂರು ಇಂದಿಗೂ ದೇಹದಲ್ಲಿರುವುದನ್ನು ವೈದ್ಯರ ಮಂಡಳಿ ಪರೀಕ್ಷಿಸಬೇಕಾಗಿರುವುದರಿಂದ ಅರ್ಜಿದಾರರು ಖುದ್ದಾಗಿ ಹಾಜರಾಗತಕ್ಕದ್ದು. ನಾನು ಅದನ್ನು ಹರಿದು ಹಾಕಲು ಹೊರಟಿದ್ದೆ. ಅಮ್ಮ ಕೈ ಹಿಡಿದುಕೊಂಡಳು.

"ಹರೀಬೇಡ. ಉತ್ತರ ಬರಿ. ನಮ್ಮ ಯಜಮಾನ್ರು ಬರೋಕಾಗಲ್ಲ, ನೀವು ಕೇಳಿದ್ದು ಮನೇಲಿದೆ, ಯಾವತ್ತು ಬೇಕಾದ್ರೂ ಬಂದು ನೋಡ್ಕೊಂಡು ಹೋಗಿ ಅಂತ ಬರಿ."

ಹಾಗೇ ಬರೆದು ರಿಜಿಸ್ಟರ್ಡ್ ಪೋಸ್ಟು ಮಾಡಿದೆ. ತಲುಪಿದೆ ಎಂಬ ಕಾರ್ಡು ಬಂತು. ಆಮೇಲೆ ಏನೂ ಬರಲಿಲ್ಲ, ಯಾರೂ ಬರಲಿಲ್ಲ. ತಾತನಿಗೆ ಬಂದಿದ್ದ ಮೂಲ ಪತ್ರವನ್ನೂ ವಾಪಸು ಕೊಡಲಿಲ್ಲ. ಅವರ ಫೈಲಿನಲ್ಲಿ ನಮ್ಮಪ್ಪ ಇವತ್ತಿಗೂ ಫುಟ್‌ಬಾಲ್ ಆಡುತ್ತಿದ್ದಾರೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಮಾರನೆಯ ವರ್ಷ ಆಯುಧಪೂಜೆಯ ದಿನ ಅಮ್ಮ ಎಂದಿನಂತೆ ಮಣೆಯ ಮೇಲೆ ಈಳಿಗೆಮಣೆ, ಕತ್ತರಿ, ಅಪ್ಪನ ಸುತ್ತಿಗೆ ಎಲ್ಲ ಜೋಡಿಸಿದಳು. ಕೊನೆಗೆ ಒಳಗೆ ಹೋಗಿ ಆ ಚೂರನ್ನು ತಂದು ಎಲ್ಲಕ್ಕಿಂತ ಮುಂದೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಏರಿಸಿದಳು. ಆಮೇಲೆ ಅದನ್ನೇ ನೋಡುತ್ತ ಕೂತಳು.

"ನೋಡೇ, ಇಷ್ಟೇ ಇಷ್ಟು. ಇದು ಗೊತ್ತಾಗಿದ್ರೆ ನಮ್ಮಪ್ಪ ಹೆದರಿ ಇವ್ರನ್ನ ನಂಗೆ ಬೇಡ ಅಂತಿದ್ರಲ್ಲ."